ಅಕ್ವೇರಿಯಂ ಮೀನಿನ ಆಹಾರ: ಲೇಬಲ್ ಮತ್ತು ಜಾಹೀರಾತನ್ನು ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೀನಿನ ಆಹಾರದ ಡಬ್ಬಿಗೆ ಎರಡು ಮುಖಗಳಿವೆ. ಹೊಳೆಯುವ ಮೀನಿನ ಚಿತ್ರವೂ ದೊಡ್ಡ ಅಕ್ಷರಗಳೂ ಇರುವ ಮುಂಭಾಗ ಹಣ ಕೊಡುವವರಿಗಾಗಿ ಬರೆದದ್ದು. ಕಣ್ಣು ಕಿರಿದುಮಾಡಿ ಓದಬೇಕಾದ ಹಿಂಭಾಗ ಬಹುಮಟ್ಟಿಗೆ ಕಾನೂನಿನ ಒತ್ತಾಯಕ್ಕಾಗಿ ಬರೆದದ್ದು. ಮನೆಯಲ್ಲಿ ಮೀನು ಸಾಕುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು, ಆ ಹಿಂಭಾಗವನ್ನು ಮುಂದಿಟ್ಟುಕೊಂಡು, ಇಲ್ಲಿ ಉತ್ತರಿಸಿದ್ದೇನೆ.

ಅಂಗಡಿಯಲ್ಲಿ ಡಬ್ಬಿಯನ್ನು ಕೈಗೆತ್ತಿಕೊಂಡಾಗ ಮೊದಲು ಏನನ್ನು ನೋಡಬೇಕು?

ಬಹುತೇಕರು ಪ್ರೋಟೀನಿನ ಶೇಕಡಾವಾರನ್ನು ನೋಡುತ್ತಾರೆ. ನಾನು ಮೊದಲು ನೋಡುವುದು ತಯಾರಿಕೆಯ ತಿಂಗಳು ಮತ್ತು ವರ್ಷವನ್ನು. ಮೀನಿನ ಆಹಾರದಲ್ಲಿರುವ ಕೊಬ್ಬು ಹೆಚ್ಚಾಗಿ ಮೀನೆಣ್ಣೆಯ ಜಾತಿಯದು. ಅದು ಗಾಳಿ, ಬಿಸಿಲು ಮತ್ತು ಸೆಕೆಗೆ ಬೇಗ ಕಮಟಾಗುತ್ತದೆ, ಜೊತೆಗೆ ಕೆಲವು ವಿಟಮಿನ್‌ಗಳೂ ನಶಿಸುತ್ತವೆ. ಹೀಗಾಗಿ ಎರಡು ವರ್ಷ ಗಾಜಿನ ಕಪಾಟಿನಲ್ಲಿ ಬಿಸಿಲು ಕಾಯ್ದ ದುಬಾರಿ ಡಬ್ಬಿಗಿಂತ ಮೂರು ತಿಂಗಳ ಹಿಂದೆ ತಯಾರಾದ ಸಾಧಾರಣ ಆಹಾರವೇ ಮೀನಿಗೆ ಹಿತ.

ನಮ್ಮ ದೇಶದಲ್ಲಿ ಪೊಟ್ಟಣದಲ್ಲಿ ಮಾರುವ ಸರಕುಗಳಿಗೆ ಅನ್ವಯಿಸುವ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು ಹಾಗೂ ವರ್ಷ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ಹೇಳಲು ಒಂದು ಸಂಪರ್ಕ, ಇವೆಲ್ಲ ಡಬ್ಬಿಯ ಮೇಲಿರಬೇಕು. ಆಮದಾದ ಸರಕಾಗಿದ್ದರೆ ಯಾವ ದೇಶದ್ದು ಎಂಬುದೂ ಇರಬೇಕು. ಜಪಾನಿ ಅಥವಾ ಥಾಯ್ ಅಕ್ಷರಗಳು ತುಂಬಿರುವ, ಆದರೆ ಆಮದುದಾರರ ಸ್ಟಿಕ್ಕರೇ ಇಲ್ಲದ ಡಬ್ಬಿ ಸಿಕ್ಕರೆ ಅದನ್ನು ವಾಪಸ್ ಕಪಾಟಿನಲ್ಲಿಡುವುದು ಒಳಿತು. ಅದು ಯಾವ ದಾರಿಯಲ್ಲಿ, ಎಷ್ಟು ದಿನ, ಯಾವ ಗೋದಾಮಿನಲ್ಲಿದ್ದು ಬಂದಿತೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಪ್ರೋಟೀನ್ ಹೆಚ್ಚಿದ್ದಷ್ಟೂ ಆಹಾರ ಒಳ್ಳೆಯದಲ್ಲವೇ?

ಅಲ್ಲ. ಲೇಬಲ್ ಮೇಲಿನ ‘ಕಚ್ಚಾ ಪ್ರೋಟೀನ್’ ಎಂಬುದು ಪ್ರೋಟೀನನ್ನೇ ಅಳೆದು ಬಂದ ಸಂಖ್ಯೆಯಲ್ಲ. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಆಹಾರದಲ್ಲಿರುವ ಸಾರಜನಕವನ್ನು ಅಳೆಯುತ್ತಾರೆ. ಪ್ರೋಟೀನಿನಲ್ಲಿ ಸರಾಸರಿ ಶೇ 16ರಷ್ಟು ಸಾರಜನಕ ಇರುತ್ತದೆಂದು ಭಾವಿಸಿ, ಬಂದ ಸಂಖ್ಯೆಯನ್ನು 6.25ರಿಂದ ಗುಣಿಸುತ್ತಾರೆ. ಆ ಸಾರಜನಕ ಮೀನಿನ ಮಾಂಸದಿಂದ ಬಂತೋ, ಕೋಳಿಯ ಪುಕ್ಕದಿಂದ ಬಂತೋ, ಮತ್ತಾವುದೋ ರಾಸಾಯನಿಕದಿಂದ ಬಂತೋ ಎಂಬುದು ಈ ಲೆಕ್ಕಕ್ಕೆ ತಿಳಿಯುವುದಿಲ್ಲ.

ಈ ಕುರುಡುತನದ ದುರುಪಯೋಗ 2007ರಲ್ಲಿ ಬಯಲಾಯಿತು. ಚೀನಾದಿಂದ ಅಮೆರಿಕಕ್ಕೆ ಗೋಧಿಯ ಗ್ಲುಟೆನ್, ಅಂದರೆ ಗೋಧಿಯ ಪ್ರೋಟೀನ್, ಎಂಬ ಹೆಸರಿನಲ್ಲಿ ಹೋದ ಸರಕಿನಲ್ಲಿ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಲಾಗಿತ್ತು. ಅದನ್ನು ತಿಂದ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು, ಮತ್ತು ಅದೇ ಸರಕು ಸಾಕಣೆ ಮೀನುಗಳ ಮೇವಿಗೂ ಸೇರಿತ್ತೆಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಪತ್ತೆ ಮಾಡಿತು. ಮೆಲಮೈನಿನ ತೂಕದ ಸುಮಾರು ಮೂರನೆಯ ಎರಡು ಭಾಗ ಸಾರಜನಕವೇ ಆಗಿರುವುದರಿಂದ, ಅದರ ಒಂದು ಗ್ರಾಂ ಪ್ರಯೋಗಾಲಯದ ಲೆಕ್ಕದಲ್ಲಿ ನಾಲ್ಕು ಗ್ರಾಂಗಿಂತ ಹೆಚ್ಚು ಪ್ರೋಟೀನಾಗಿ ಕಾಣುತ್ತದೆ. ಎಲ್ಲ ತಯಾರಕರೂ ಹೀಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಸಂಖ್ಯೆಯೊಂದನ್ನೇ ನಂಬಬಾರದು, ಅದು ಯಾವ ಪದಾರ್ಥದಿಂದ ಬಂದಿದೆ ಎಂಬುದನ್ನೂ ಪಟ್ಟಿಯಲ್ಲಿ ಹುಡುಕಬೇಕು ಎಂಬುದಷ್ಟೇ ನನ್ನ ಮಾತು.

ಇನ್ನು ಪ್ರೋಟೀನ್ ನಿಜವಾದದ್ದೇ ಆಗಿದ್ದರೂ, ಮೀನು ಬಳಸಿಕೊಳ್ಳದೆ ಉಳಿಸಿದ್ದು ಅಮೋನಿಯಾ ಆಗಿ ಕಿವಿರುಗಳ ಮೂಲಕ ನೀರಿಗೇ ಬರುತ್ತದೆ. ಒಂದು ಸರಳ ಲೆಕ್ಕ ನೋಡೋಣ. ಎರಡು ಅಡಿ ಉದ್ದದ, 60 ಲೀಟರ್ ನೀರಿರುವ ತೊಟ್ಟಿಗೆ ದಿನಕ್ಕೆ ಒಂದು ಗ್ರಾಂ ಆಹಾರ ಹಾಕುತ್ತೀರಿ, ಅದರಲ್ಲಿ ಶೇ 45 ಪ್ರೋಟೀನ್ ಇದೆ ಎಂದುಕೊಳ್ಳಿ. ಅಂದರೆ 0.45 ಗ್ರಾಂ ಪ್ರೋಟೀನ್, ಅದರಲ್ಲಿ 72 ಮಿಲಿಗ್ರಾಂ ಸಾರಜನಕ. ಅದರ ಅರ್ಧ ಅಮೋನಿಯಾ ರೂಪದಲ್ಲಿ ಹೊರಬಂದರೂ ಲೀಟರಿಗೆ 0.6 ಮಿಲಿಗ್ರಾಂ ಆಯಿತು. ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ನೆಲೆಗೊಳ್ಳದ ಹೊಸ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡಲು ಇಷ್ಟು ಸಾಕು. ಆಸ್ಕರ್‌ನಂತಹ ಮಾಂಸಾಹಾರಿ ಮೀನಿಗೆ ಶೇ 45 ಸರಿ. ಬೆಳೆದ ಗೋಲ್ಡ್‌ಫಿಶ್‌ಗೆ ಮೂವತ್ತರ ಆಸುಪಾಸು ಸಾಕಾಗುತ್ತದೆ. ಮರಿಗಳಿಗೆ ದೊಡ್ಡ ಮೀನುಗಳಿಗಿಂತ ಯಾವಾಗಲೂ ಹೆಚ್ಚು ಬೇಕು.

ಫ್ರೋಜನ್ ಬ್ಲಡ್‌ವರ್ಮ್ ಪೊಟ್ಟಣದ ಮೇಲೆ ಪ್ರೋಟೀನ್ ಕೇವಲ ಶೇ 5 ಎಂದಿದೆ. ಅದಕ್ಕಿಂತ ಫ್ಲೇಕ್ ಆಹಾರವೇ ಮೇಲಲ್ಲವೇ?

ಬ್ಲಡ್‌ವರ್ಮ್ ಎಂದರೆ ಮೀನಿಗೆ ತಿನ್ನಿಸುವ ಕೆಂಪು ಹುಳು. ಹೋಲಿಕೆಗೆ ಮುನ್ನ ನೀರನ್ನು ಲೆಕ್ಕದಿಂದ ತೆಗೆಯಬೇಕು. ಪ್ರೋಟೀನಿನ ಸಂಖ್ಯೆಯನ್ನು, ನೂರರಲ್ಲಿ ತೇವಾಂಶ ಕಳೆದು ಉಳಿದ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಣ ತೂಕದ ಲೆಕ್ಕ ಸಿಗುತ್ತದೆ. ಪೊಟ್ಟಣದಲ್ಲಿ ತೇವಾಂಶ ಶೇ 92, ಪ್ರೋಟೀನ್ ಶೇ 5 ಎಂದಿದ್ದರೆ, ಒಣ ಭಾಗವಾದ ಎಂಟರಲ್ಲಿ ಐದು ಪ್ರೋಟೀನ್, ಅಂದರೆ ಶೇ 62.5. ಫ್ಲೇಕ್ ಡಬ್ಬಿಯಲ್ಲಿ ಪ್ರೋಟೀನ್ ಶೇ 46, ತೇವಾಂಶ ಶೇ 8 ಇದ್ದರೆ ಅದು ಸರಿಯಾಗಿ ಶೇ 50. ಬಡವಾಗಿ ಕಂಡ ಹುಳುವೇ ಮುಂದಿತ್ತು. ಆದರೆ ಹಣದ ಲೆಕ್ಕದಲ್ಲಿ, ಫ್ರೋಜನ್ ಪೊಟ್ಟಣದ ನೂರು ಗ್ರಾಂನಲ್ಲಿ 92 ಗ್ರಾಂ ನೀರನ್ನೇ ನೀವು ಕೊಂಡಿರುತ್ತೀರಿ ಎಂಬುದನ್ನೂ ಮರೆಯಬೇಡಿ.

ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮೀನಿನದೇ ಆಗಿದ್ದರೆ ನಂಬಬಹುದೇ?

ನಂಬಬಹುದು, ಆದರೆ ಮುಂದಿನ ನಾಲ್ಕೈದು ಹೆಸರುಗಳನ್ನು ಓದಿದ ಮೇಲೆ. ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ, ಮತ್ತು ಆ ತೂಕ ಬೇಯಿಸಿ ಒಣಗಿಸುವ ಮುಂಚಿನದು. ‘ಇಡೀ ಸಾಲ್ಮನ್’ ಎಂದು ಮೊದಲಿಗೆ ಬರೆದಿದ್ದರೆ ಅದರಲ್ಲಿ ಬಹುಪಾಲು ನೀರು. ಪೆಲೆಟ್ ಆಗಿ ಒಣಗಿದ ಮೇಲೆ ಆ ಸಾಲ್ಮನ್ ಎರಡನೆಯ ಅಥವಾ ಮೂರನೆಯ ಸ್ಥಾನಕ್ಕೆ ಇಳಿಯಬಹುದು. ‘ಮೀನಿನ ಪುಡಿ’, ಅಂದರೆ ಫಿಶ್ ಮೀಲ್, ಮೊದಲೇ ಒಣಗಿದ್ದು. ಒಂದು ಕಿಲೋ ಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು, ಅದರಲ್ಲಿ ಪ್ರೋಟೀನ್ ಶೇ 60ರಿಂದ 70ರವರೆಗೆ ಇರುತ್ತದೆ. ‘ಹಸಿ ಮೀನು ಶ್ರೇಷ್ಠ, ಪುಡಿ ಕನಿಷ್ಠ’ ಎಂಬ ಜಾಹೀರಾತಿನ ದನಿ ಹೀಗಾಗಿ ಅರ್ಧ ಸತ್ಯ: ತಾಜಾ ಇಡೀ ಮೀನಿನಿಂದ ಮಾಡಿದ ಒಳ್ಳೆಯ ಪುಡಿಯೂ ಇದೆ, ತಲೆ, ಮುಳ್ಳು, ಕರುಳುಗಳಿಂದ ಮಾಡಿದ ಪುಡಿಯೂ ಇದೆ.

ಈ ಎರಡನ್ನು ಬೇರ್ಪಡಿಸಲು ಒಂದು ಸುಳಿವೆಂದರೆ ಬೂದಿಯ ಪ್ರಮಾಣ. ಆಹಾರವನ್ನು ಸುಟ್ಟ ಮೇಲೆ ಉಳಿಯುವ ಖನಿಜವೇ ಬೂದಿ. ಮುಳ್ಳು ಹೆಚ್ಚಿದ್ದರೆ ಬೂದಿ ಹೆಚ್ಚು, ಬೂದಿಯೊಂದಿಗೆ ರಂಜಕವೂ ಹೆಚ್ಚು, ರಂಜಕ ಹೆಚ್ಚಿದರೆ ತೊಟ್ಟಿಯ ಗಾಜಿಗೆ ಪಾಚಿಯೂ ಹೆಚ್ಚು. ಸಾಧಾರಣವಾಗಿ ಬೂದಿ ಶೇಕಡಾ ಹತ್ತು ಹನ್ನೆರಡರೊಳಗೆ ಇದ್ದರೆ ನಾನು ಚಿಂತಿಸುವುದಿಲ್ಲ. ಹದಿನೈದು ದಾಟಿದರೆ ಪಟ್ಟಿಯನ್ನು ಇನ್ನೊಮ್ಮೆ ಓದುತ್ತೇನೆ.

ಇನ್ನೊಂದು ಜಾಣತನವೆಂದರೆ ಹೋಳು ಮಾಡುವುದು. ಗೋಧಿ ಹಿಟ್ಟು, ಗೋಧಿಯ ಗ್ಲುಟೆನ್, ಗೋಧಿ ತೌಡು ಎಂದು ಮೂರು ಕಡೆ ಬರೆದರೆ ಒಂದೊಂದೂ ಮೀನಿಗಿಂತ ಕಡಿಮೆ ತೂಗಿ ಕೆಳಗೆ ಇಳಿಯುತ್ತದೆ. ಮೂರನ್ನೂ ಕೂಡಿಸಿದರೆ ಅದು ಗೋಧಿಯ ಆಹಾರ. ಪಟ್ಟಿಯಲ್ಲಿ ಒಂದೇ ಧಾನ್ಯದ ಹೆಸರು ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆ ಎಂದು ಬೆರಳು ಮಡಚಿ ಎಣಿಸುವುದು ಒಳ್ಳೆಯ ಅಭ್ಯಾಸ.

ಯುರೋಪಿನ ಡಬ್ಬಿಯ ಮೇಲೆ ‘ಮೀನು ಮತ್ತು ಮೀನಿನ ಉತ್ಪನ್ನಗಳು, ಧಾನ್ಯಗಳು, ಯೀಸ್ಟ್’ ಎಂದಷ್ಟೇ ಇದೆಯಲ್ಲ?

ಐರೋಪ್ಯ ಒಕ್ಕೂಟದ ನಿಯಮಗಳು ಸಾಕುಪ್ರಾಣಿಗಳ ಆಹಾರದಲ್ಲಿ ಪದಾರ್ಥಗಳನ್ನು ಒಂದೊಂದಾಗಿ ಹೇಳದೆ ವರ್ಗಗಳಾಗಿ ಹೇಳಲು ಅವಕಾಶ ಕೊಡುತ್ತವೆ. ಹಾಗಾಗಿ ಯಾವ ಮೀನು, ಅದರ ಯಾವ ಭಾಗ ಎಂಬುದು ತಿಳಿಯುವುದಿಲ್ಲ, ಮತ್ತು ಈ ತಿಂಗಳ ತಯಾರಿಕೆಗೂ ಮುಂದಿನ ತಿಂಗಳ ತಯಾರಿಕೆಗೂ ನಡುವೆ ಮೂಲ ಪದಾರ್ಥ ಬದಲಾದರೂ ಲೇಬಲ್ ಬದಲಾಗಬೇಕಾಗಿಲ್ಲ. ಇದರಿಂದ ಆಹಾರ ಕೆಟ್ಟದ್ದೆಂದು ಅರ್ಥವಲ್ಲ. ಒಂದೊಂದು ಪದಾರ್ಥವನ್ನೂ ಬಿಡಿಸಿ ಬರೆದ ಡಬ್ಬಿಯೊಂದಿಗೆ ಇದನ್ನು ಹೋಲಿಸಲು ಬರುವುದಿಲ್ಲ ಎಂದಷ್ಟೇ ಅರ್ಥ. ಮನಸ್ಸು ಮಾಡುವ ತಯಾರಕರಿಗೆ ಬಿಡಿಸಿ ಬರೆಯಲು ಯಾವ ಅಡ್ಡಿಯೂ ಇಲ್ಲ, ಹಾಗೆ ಬರೆದವರಿಗೆ ನಾನು ಒಂದು ಅಂಕ ಹೆಚ್ಚು ಕೊಡುತ್ತೇನೆ.

‘ಸೀಗಡಿಯುಕ್ತ’, ‘ಕ್ರಿಲ್ ಫ್ಲೇವರ್’, ‘ಸ್ಪಿರುಲಿನಾ ಸಹಿತ’ ಎಂಬ ಮಾತುಗಳಿಗೆ ಎಷ್ಟು ಬೆಲೆ ಕೊಡಬೇಕು?

ಅಮೆರಿಕದ ಮೇವು ನಿಯಂತ್ರಣ ಅಧಿಕಾರಿಗಳ ಸಂಘವು ರೂಪಿಸಿದ, ಅಲ್ಲಿನ ರಾಜ್ಯಗಳು ಅಳವಡಿಸಿಕೊಂಡ ಮಾದರಿ ನಿಯಮಗಳಲ್ಲಿ ಈ ಮಾತುಗಳಿಗೆ ತೂಕ ಕಟ್ಟಲಾಗಿದೆ: ‘ಇಂಥದ್ದರ ಸಹಿತ’ ಎನ್ನಲು ಆ ಪದಾರ್ಥ ಶೇ 3 ಇದ್ದರೆ ಸಾಕು, ‘ಫ್ಲೇವರ್’ ಎನ್ನಲು ರುಚಿ ಪತ್ತೆಯಾಗುವಷ್ಟಿದ್ದರೆ ಸಾಕು. ನಮ್ಮಲ್ಲಿ ಅಲಂಕಾರಿಕ ಮೀನಿನ ಆಹಾರದ ಮುಂಭಾಗದ ಮಾತುಗಳನ್ನು ಯಾರೂ ಹೀಗೆ ತೂಗಿ ನೋಡುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಆ ಪದಾರ್ಥ ಎಲ್ಲಿದೆ ಎಂದು ನೋಡಿ. ವಿಟಮಿನ್‌ಗಳ ಸಾಲು ಶುರುವಾದ ಮೇಲೆ ಸ್ಪಿರುಲಿನಾ ಎಂಬ ಪಾಚಿ ಬಂದಿದ್ದರೆ ಅದು ಉಪ್ಪಿನಕಾಯಿಯಷ್ಟೂ ಇಲ್ಲ, ಎಲೆಯ ತುದಿಗೆ ಬಡಿಸಿದ ಉಪ್ಪಿನಷ್ಟಿದೆ.

ಗೋಧಿ, ಸೋಯಾ ಎಲ್ಲ ಬರಿಯ ಭರ್ತಿ ಪದಾರ್ಥಗಳೇ? ‘ಧಾನ್ಯರಹಿತ’ ಆಹಾರ ಮೇಲೇ?

ಈ ವಿಷಯದಲ್ಲಿ ಹವ್ಯಾಸಿಗಳ ಅಭಿಪ್ರಾಯ ವಾಸ್ತವಕ್ಕಿಂತ ಕಠಿಣವಾಗಿದೆ ಎಂದು ನನಗನ್ನಿಸುತ್ತದೆ. ಒಣ ಪೆಲೆಟ್ ನೀರಿನಲ್ಲಿ ಕರಗದೆ ನಿಲ್ಲಬೇಕಾದರೆ ಯಾವುದಾದರೂ ಪಿಷ್ಟ ಅಥವಾ ಅಂಟು ಬೇಕೇ ಬೇಕು. ಅದು ಬೇಡವೆಂದರೆ ರೊಟ್ಟಿಗೆ ಹಿಟ್ಟು ಬೇಡವೆಂದು ಹೇಳಿದಂತಾಗುತ್ತದೆ. ‘ಧಾನ್ಯರಹಿತ’ ಎಂದ ಡಬ್ಬಿಯಲ್ಲಿ ಗೋಧಿಯ ಜಾಗಕ್ಕೆ ಆಲೂಗಡ್ಡೆ, ಬಟಾಣಿ ಅಥವಾ ಮರಗೆಣಸಿನ ಪಿಷ್ಟ ಬಂದಿರುತ್ತದೆ. ಪಿಷ್ಟದ ಹೆಸರು ಬದಲಾಯಿತು, ಪಿಷ್ಟ ಹೋಗಲಿಲ್ಲ.

ಪಿಷ್ಟ ಎಷ್ಟಿದೆ ಎಂದು ಲೇಬಲ್ ಹೇಳುವುದಿಲ್ಲವಾದರೂ ಅಂದಾಜು ಮಾಡಬಹುದು. ಪ್ರೋಟೀನ್ 32, ಕೊಬ್ಬು 5, ನಾರು 4, ಬೂದಿ 10, ತೇವಾಂಶ 10 ಎಂದಿದ್ದರೆ ಒಟ್ಟು 61. ನೂರಕ್ಕೆ ಉಳಿದ 39 ಬಹುಮಟ್ಟಿಗೆ ಪಿಷ್ಟ ಮತ್ತು ಸಕ್ಕರೆಯ ಜಾತಿ. ಲೇಬಲ್‌ನಲ್ಲಿರುವವು ಕನಿಷ್ಠ, ಗರಿಷ್ಠ ಮಿತಿಗಳಾದ್ದರಿಂದ ಇದು ಅಂದಾಜು ಮಾತ್ರ. ಗೋಲ್ಡ್‌ಫಿಶ್, ಕೋಯಿಗಳಂತಹ ಕಾರ್ಪ್ ಕುಲದ ಮೀನುಗಳು ಪಿಷ್ಟವನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತವೆ, ಅವುಗಳಿಗೆ ಹೊಟ್ಟೆಯ ಚೀಲವೇ ಇಲ್ಲದಿದ್ದರೂ ಕರುಳು ಉದ್ದವಾಗಿದೆ. ಫೈಟರ್, ಆಸ್ಕರ್, ಅರವಾನಗಳಿಗೆ ಅದೇ 39 ಹೆಚ್ಚಾಯಿತು. ಕೊಬ್ಬಾಗಿ ಯಕೃತ್ತಿನಲ್ಲಿ ಕೂರುತ್ತದೆ. ಸೋಯಾಬೀನಿನಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿರುವುದು ನಿಜ, ಸರಿಯಾಗಿ ಬಿಸಿ ಮಾಡಿದರೆ ಅದು ನಾಶವಾಗುವುದೂ ಅಷ್ಟೇ ನಿಜ.

‘ಏಳು ದಿನಗಳಲ್ಲಿ ಬಣ್ಣ’ ಎಂಬ ಆಹಾರಗಳು ಕೆಲಸ ಮಾಡುತ್ತವೆಯೇ?

ಕೆಂಪು, ಕಿತ್ತಳೆ, ಹಳದಿ ಬಣ್ಣಗಳ ಮಟ್ಟಿಗೆ ಬಣ್ಣದ ಆಹಾರಕ್ಕೆ ಆಧಾರವಿದೆ. ಈ ಬಣ್ಣಗಳನ್ನು ಕೊಡುವ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ಕ್ರಿಲ್, ಸೀಗಡಿಯ ಚಿಪ್ಪು ಮತ್ತು ಹಿಮಟೊಕಾಕಸ್ ಎಂಬ ಪಾಚಿಯಲ್ಲಿ ಕೆಂಪು ಕೊಡುವ ಅಸ್ಟಾಕ್ಸಾಂಥಿನ್ ಇದೆ. ಸ್ಪಿರುಲಿನಾದಲ್ಲಿ ಜಿಯಾಕ್ಸಾಂಥಿನ್ ಇದೆ, ಗೋಲ್ಡ್‌ಫಿಶ್ ಮತ್ತು ಕೋಯಿ ಅದನ್ನು ಅಸ್ಟಾಕ್ಸಾಂಥಿನ್ ಆಗಿ ಬದಲಾಯಿಸಿಕೊಳ್ಳಬಲ್ಲವು. ಪಟ್ಟಿಯಲ್ಲಿ ‘ಚೆಂಡು ಹೂವಿನ ಪುಡಿ’ ಎಂದು ಕಂಡರೆ ಆಶ್ಚರ್ಯ ಬೇಡ. ಗುಂಡ್ಲುಪೇಟೆಯ ಕಡೆ ಊಟಿ ರಸ್ತೆಯ ಎರಡೂ ಬದಿಗೆ ಮಳೆಗಾಲದಲ್ಲಿ ಹರಡುವ ಆ ಕಿತ್ತಳೆ ಹೊಲಗಳ ಹೂವು ದೇವರ ಮುಡಿಗಷ್ಟೇ ಹೋಗುವುದಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗೂ ಹೋಗುತ್ತದೆ. ಅದರಲ್ಲಿರುವ ಲುಟೀನ್ ಕೋಳಿಮೊಟ್ಟೆಯ ಹಳದಿ ಭಾಗಕ್ಕೆ ಬಣ್ಣ ಕೊಡುತ್ತದೆ, ಮೀನಿನಲ್ಲೂ ಹಳದಿಗೆ ನೆರವಾಗುತ್ತದೆ. ಕೆಂಪು ಬೇಕಾದವರು ಅದನ್ನೊಂದೇ ನೆಚ್ಚಿಕೊಳ್ಳಬಾರದು.

ನೀಲಿಯ ಕಥೆಯೇ ಬೇರೆ. ನಿಯಾನ್ ಟೆಟ್ರಾದ ಮೈಮೇಲಿನ ನೀಲಿ ಪಟ್ಟೆ ಯಾವ ವರ್ಣದ್ರವ್ಯದಿಂದಲೂ ಬಂದದ್ದಲ್ಲ. ಚರ್ಮದ ಕೋಶಗಳೊಳಗಿನ ಗ್ವಾನಿನ್ ಹರಳುಗಳು ಬೆಳಕನ್ನು ಪ್ರತಿಫಲಿಸುವುದರಿಂದ ಕಾಣುವ ಬಣ್ಣ. ‘ನೀಲಿ ಹೆಚ್ಚಿಸುತ್ತದೆ’ ಎಂದು ಕ್ಯಾರೊಟಿನಾಯ್ಡ್ ತುಂಬಿದ ಆಹಾರವನ್ನು ಮಾರುವವರು ಮೀನಿನ ಚರ್ಮವನ್ನು ಓದಿಲ್ಲ, ನಿಮ್ಮ ಆಸೆಯನ್ನು ಓದಿದ್ದಾರೆ.

ವೇಗದ ಬಗ್ಗೆಯೂ ಒಂದು ಮಾತು. ಕ್ಯಾರೊಟಿನಾಯ್ಡ್‌ಗಳು ಚರ್ಮದಲ್ಲಿ ಸೇರಿಕೊಳ್ಳಲು ವಾರಗಳೇ ಬೇಕು. ಕೆಲವೇ ದಿನಗಳಲ್ಲಿ ಮರಿ ಮೀನೊಂದು ಗಂಡಿನಂತೆ ಬಣ್ಣ ತಾಳಿದರೆ ಹಾರ್ಮೋನಿನ ಅನುಮಾನ ಪಡಬೇಕು. ಮಾರಾಟಕ್ಕೆ ಮುನ್ನ ಮೀನುಗಳಿಗೆ ಮೀಥೈಲ್ ಟೆಸ್ಟೊಸ್ಟೆರೋನ್ ತಿನ್ನಿಸಿ ಬಣ್ಣ ಬರಿಸುವ ಪದ್ಧತಿ ಈ ವ್ಯಾಪಾರದಲ್ಲಿ ಹಳೆಯದು. ಮನೆಗೆ ತಂದ ಮೇಲೆ ಆ ಬಣ್ಣ ಇಳಿಯುತ್ತದೆ, ಹೆಣ್ಣು ಮೀನುಗಳಾಗಿದ್ದರೆ ಸಂತಾನ ಶಕ್ತಿಯೂ ಕೆಡಬಹುದು. ಪದಾರ್ಥಗಳ ಪಟ್ಟಿಯೇ ಇಲ್ಲದೆ ‘ಸೂಪರ್ ರೆಡ್’ ಎಂದಷ್ಟೇ ಅಚ್ಚಾದ ಪೊಟ್ಟಣವನ್ನು ನಾನು ಈ ಒಂದೇ ಕಾರಣಕ್ಕೆ ಮುಟ್ಟುವುದಿಲ್ಲ.

ಇನ್ನು ಫ್ಲೇಕ್‌ಗಳೇ ಹಸಿರು, ಕೆಂಪು, ಹಳದಿಯಾಗಿ ಕಾಣಲೆಂದು ಹಾಕುವ ಕೃತಕ ಬಣ್ಣಗಳು. ಇವು ಮೀನಿಗಾಗಿ ಅಲ್ಲ, ಡಬ್ಬಿಯ ಮುಚ್ಚಳ ತೆರೆಯುವವರಿಗಾಗಿ.

ವಿಟಮಿನ್‌ಗಳ ಉದ್ದ ಪಟ್ಟಿಯಲ್ಲಿ ಏನನ್ನು ಹುಡುಕಬೇಕು?

ಸಿ ವಿಟಮಿನ್ ಯಾವ ರೂಪದಲ್ಲಿದೆ ಎಂಬುದನ್ನು. ಬಹುತೇಕ ಮೂಳೆಮೀನುಗಳು ನಮ್ಮಂತೆಯೇ ಸಿ ವಿಟಮಿನನ್ನು ತಾವಾಗಿ ತಯಾರಿಸಿಕೊಳ್ಳಲಾರವು. ಅದು ಸಾಲದೆ ಹೋದರೆ ಬೆನ್ನೆಲುಬು ಡೊಂಕಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಬರಿಯ ಆಸ್ಕಾರ್ಬಿಕ್ ಆಮ್ಲ ಪೆಲೆಟ್ ತಯಾರಿಸುವಾಗಿನ ಬಿಸಿಗೇ ಬಹುಪಾಲು ನಾಶವಾಗುತ್ತದೆ, ಉಳಿದದ್ದು ಡಬ್ಬಿಯಲ್ಲಿ ನಶಿಸುತ್ತದೆ. ‘ಎಲ್-ಆಸ್ಕಾರ್ಬಿಲ್-2-ಪಾಲಿಫಾಸ್ಫೇಟ್’ ಎಂಬ ಬಾಯಿಗೆ ಹೊರಳದ ಹೆಸರು ಕಂಡರೆ ಹೆದರಬೇಡಿ, ಅದು ಬಿಸಿ ತಡೆಯುವ ರೂಪ, ಮತ್ತು ತಯಾರಕರು ಸ್ವಲ್ಪ ಹೆಚ್ಚು ಖರ್ಚು ಮಾಡಿದ್ದಾರೆ ಎಂಬುದರ ಗುರುತು. ರಾಸಾಯನಿಕ ಹೆಸರುಗಳಿದ್ದರೆ ಆಹಾರ ಕೆಟ್ಟದ್ದು ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ.

‘ಸಂರಕ್ಷಕಗಳಿಲ್ಲ’ ಎಂಬ ಆಹಾರ ಸುರಕ್ಷಿತವೇ?

ಮೀನೆಣ್ಣೆ ಇರುವ ಆಹಾರದಲ್ಲಿ ಕಮಟು ತಡೆಯುವ ಯಾವ ಪದಾರ್ಥವೂ ಇಲ್ಲದಿದ್ದರೆ ಅದೇ ಚಿಂತೆಗೆ ಕಾರಣ. ಮೀನಿನ ಪುಡಿ ಎಷ್ಟು ಬೇಗ ಗಾಳಿಯೊಂದಿಗೆ ವರ್ತಿಸುತ್ತದೆ ಎಂದರೆ, ರಾಶಿಯಾಗಿ ತುಂಬಿದಾಗ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಹಡಗಿನಲ್ಲಿ ಸಾಗಿಸುವ ಪುಡಿಗೆ ಉತ್ಕರ್ಷಣ ತಡೆಯುವ ವಸ್ತು ಬೆರೆಸುವ ಅಂತರರಾಷ್ಟ್ರೀಯ ನಿಯಮವೇ ಇದೆ. ಬಹುಕಾಲ ಅದಕ್ಕೆ ಬಳಸಿದ್ದು ಎಥಾಕ್ಸಿಕ್ವಿನ್. ಸುರಕ್ಷತೆಯ ಮಾಹಿತಿ ಸಾಲದೆಂದು ಐರೋಪ್ಯ ಒಕ್ಕೂಟ 2017ರಲ್ಲಿ ಮೇವಿನಲ್ಲಿ ಅದರ ಬಳಕೆಗೆ ಕೊಟ್ಟಿದ್ದ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. ‘ನಾವು ಎಥಾಕ್ಸಿಕ್ವಿನ್ ಸೇರಿಸಿಲ್ಲ’ ಎಂಬ ವಾಕ್ಯವನ್ನು ಓದುವಾಗ, ಕೊಂಡು ತಂದ ಪುಡಿಯಲ್ಲೇ ಅದು ಇತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಟೊಕೊಫೆರಾಲ್ (ಇ ವಿಟಮಿನ್) ಅಥವಾ ರೋಸ್‌ಮೇರಿ ಸಾರ ಬಳಸಿದ ಆಹಾರ ನನಗೆ ಇಷ್ಟ, ಆದರೆ ಅವುಗಳ ಶಕ್ತಿ ಬೇಗ ಕುಗ್ಗುವುದರಿಂದ ಡಬ್ಬಿ ಚಿಕ್ಕದಿರಬೇಕು.

ಬೆಳ್ಳುಳ್ಳಿ, ಪ್ರೋಬಯಾಟಿಕ್, ರೋಗನಿರೋಧಕ ಶಕ್ತಿ?

ಬೆಳ್ಳುಳ್ಳಿಯ ವಾಸನೆಗೆ ಅನೇಕ ಮೀನುಗಳು ಬಾಯಿ ಹಾಕುತ್ತವೆ, ತಿನ್ನಲೊಲ್ಲದ ಮೀನಿಗೆ ಅಷ್ಟರ ಮಟ್ಟಿಗೆ ಉಪಯುಕ್ತ. ಜಜ್ಜಿದಾಗ ಹುಟ್ಟುವ ಅಲಿಸಿನ್ ಬೇಗ ಹಾರಿಹೋಗುವಂಥದ್ದಾದ್ದರಿಂದ ವರ್ಷ ಹಳೆಯ ಪೆಲೆಟ್‌ನಲ್ಲಿ ಅದು ಔಷಧವಾಗಿ ಉಳಿದಿದೆ ಎಂದು ನಂಬುವುದು ಕಷ್ಟ. ಪ್ರೋಬಯಾಟಿಕ್ ಎಂದಿದ್ದರೆ ಯಾವ ಬ್ಯಾಕ್ಟೀರಿಯಾ ಎಂದು ನೋಡಿ: ಬೀಜಕ ರೂಪದಲ್ಲಿರುವ ಬ್ಯಾಸಿಲಸ್ ಬಿಸಿಯನ್ನು ತಡೆದುಕೊಳ್ಳುತ್ತದೆ, ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಪೆಲೆಟ್ ಯಂತ್ರದ ಬಿಸಿಯಲ್ಲಿ ಸಾಯುತ್ತವೆ, ಆಮೇಲೆ ಲೇಪಿಸಿದ್ದರೆ ಮಾತ್ರ ಬದುಕಿರುತ್ತವೆ.

‘ನೀರು ಕದಡುವುದಿಲ್ಲ’ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಖಂಡಿತ. ಎರಡು ಪಾರದರ್ಶಕ ಗಾಜಿನ ಲೋಟಗಳಿಗೆ ತೊಟ್ಟಿಯ ನೀರು ತುಂಬಿ, ಬಿಳಿ ಕಾಗದದ ಮೇಲಿಟ್ಟು, ಒಂದೊಂದರಲ್ಲೂ ಬೇರೆ ಬೇರೆ ಆಹಾರದ ಹತ್ತು ಪೆಲೆಟ್ ಹಾಕಿ ಹದಿನೈದು ನಿಮಿಷ ಕಾಯಿರಿ. ಒಂದರ ಸುತ್ತ ಗುಲಾಬಿ ಬಣ್ಣದ ನೀರು ಗೆರೆ ಗೆರೆಯಾಗಿ ಇಳಿಯುವುದು ಕಾಣಬಹುದು. ಅದು ಮೀನಿನ ಚರ್ಮಕ್ಕೆ ಹೋಗಬೇಕಾಗಿದ್ದ ಬಣ್ಣವಲ್ಲ, ಪೆಲೆಟ್‌ಗೆ ಬಳಿದ ಬಣ್ಣ. ಇನ್ನೊಂದರಲ್ಲಿ ಪೆಲೆಟ್ ಉಬ್ಬಿ, ಬೆರಳಿನಿಂದ ಒತ್ತಿದರೆ ಮೆತ್ತಗಿದ್ದು, ಆಕಾರ ಬಿಡದೆ ನಿಂತಿರುತ್ತದೆ. ಮುಟ್ಟಿದ ಕೂಡಲೇ ಹಿಟ್ಟಾಗಿ ಉದುರುವುದು ನೀರನ್ನು ಕದಡುತ್ತದೆ. ಹದಿನೈದು ನಿಮಿಷವಾದರೂ ಕಲ್ಲಿನಂತೆಯೇ ಉಳಿಯುವುದೂ ಚಿಕ್ಕ ಮೀನಿಗೆ ಒಳ್ಳೆಯದಲ್ಲ. ಆದರೆ ಎಷ್ಟೇ ಒಳ್ಳೆಯ ಪೆಲೆಟ್ ಆದರೂ ಎರಡು ನಿಮಿಷದಲ್ಲಿ ತಿಂದು ಮುಗಿಸಲಾಗದಷ್ಟು ಸುರಿದರೆ ನೀರು ಕದಡಿಯೇ ತೀರುತ್ತದೆ.

ಕೋಯಿಗಳಿಗೆ ಚಳಿಗಾಲದ ವಿಶೇಷ ಆಹಾರ ಬೇಕೇ?

ಗೋಧಿಯ ಮೊಳಕೆ, ಅಂದರೆ ವೀಟ್ ಜರ್ಮ್, ಮುಖ್ಯವಾಗಿರುವ ಈ ಆಹಾರಗಳು ಜಪಾನ್, ಯುರೋಪಿನಂತಹ ಕಡೆ, ಕೊಳದ ನೀರು 15 ಡಿಗ್ರಿಗಿಂತ ಕೆಳಗಿಳಿದು ಮೀನಿನ ಜೀರ್ಣಶಕ್ತಿ ಮಂದವಾಗುವ ಕಾಲಕ್ಕೆಂದು ರೂಪಿಸಿದವು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಯ ಗಾಳಿಯ ಕನಿಷ್ಠ ಉಷ್ಣಾಂಶವೇ ಸಾಮಾನ್ಯವಾಗಿ 15–16 ಡಿಗ್ರಿ; ಕೊಳದ ನೀರು ಅಷ್ಟು ತಣ್ಣಗಾಗುವುದಿಲ್ಲ, ಮಂಗಳೂರಿನಲ್ಲಂತೂ ಮಾತೇ ಇಲ್ಲ. ತಿನ್ನಿಸಿದರೆ ಹಾನಿಯಿಲ್ಲ, ಹೆಚ್ಚು ಬೆಲೆ ಕೊಟ್ಟು ತರುವ ಅಗತ್ಯವೂ ಇಲ್ಲ. ಶಿಮ್ಲಾ ಅಥವಾ ಕೆನಡಾದಲ್ಲಿ ತೆರೆದ ಕೊಳ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ಉತ್ತರ ಅನ್ವಯಿಸುವುದಿಲ್ಲ.

‘ಸಂಪೂರ್ಣ ಆಹಾರ’ ಎಂದು ಬರೆದಿದ್ದರೆ ಅದೊಂದೇ ಸಾಕೇ?

ಅಲಂಕಾರಿಕ ಮೀನುಗಳಲ್ಲಿ ಸಾವಿರಾರು ಜಾತಿಗಳಿವೆ. ಪೋಷಕಾಂಶಗಳ ಅಗತ್ಯವನ್ನು ವಿವರವಾಗಿ ಅಳೆದಿರುವುದು ಮುಖ್ಯವಾಗಿ ಸಾಲ್ಮನ್, ಟ್ರೌಟ್, ಕಾರ್ಪ್, ತಿಲಾಪಿಯದಂತಹ ಸಾಕಣೆ ಮೀನುಗಳಲ್ಲಿ. ನಿಮ್ಮ ಏಂಜಲ್ ಮೀನಿನ ‘ಸಂಪೂರ್ಣ’ ಆಹಾರ ಅವುಗಳ ಲೆಕ್ಕದಿಂದ ಊಹಿಸಿದ್ದು. ಎರಡು ಮೂರು ತಯಾರಕರ ಚಿಕ್ಕ ಡಬ್ಬಿಗಳನ್ನು ಸರದಿಯಲ್ಲಿ ಬಳಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕೆರೆ ಸಾಕಣೆಯ ಮೀನು ಮೇವನ್ನೋ, ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಪೆಲೆಟ್ಟನ್ನೋ ತರಬಹುದೇ? ಬೆಲೆ ಬಹಳ ಕಡಿಮೆ.

ರೋಹು, ಕಾಟ್ಲಾಗಳ ಮೇವು ಬೆಳೆದ ಗೋಲ್ಡ್‌ಫಿಶ್, ಕೋಯಿಗಳಿಗೆ ವಿಷವೇನಲ್ಲ. ಬಣ್ಣ ಕೊಡುವ ಅಂಶ ಅದರಲ್ಲಿ ಇರುವುದಿಲ್ಲ, ಮತ್ತು ಮನೆಯ ತೊಟ್ಟಿಗೆ ತಂದ ದೊಡ್ಡ ಚೀಲ ಮುಗಿಯುವ ಮೊದಲೇ ಹಳಸುತ್ತದೆ. ಅದಕ್ಕಿಂತ ನನ್ನನ್ನು ಹೆದರಿಸುವುದು ಬೂಸ್ಟು. ಶೇಂಗಾ ಹಿಂಡಿ, ಹತ್ತಿಬೀಜದ ಹಿಂಡಿ, ಮೆಕ್ಕೆಜೋಳಗಳು ತೇವಗೊಂಡರೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಬಿಡುತ್ತದೆ. 1960ರಲ್ಲಿ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ರೇನ್‌ಬೋ ಟ್ರೌಟ್‌ಗಳಿಗೆ ಸಾಮೂಹಿಕವಾಗಿ ಯಕೃತ್ತಿನ ಕ್ಯಾನ್ಸರ್ ಬಂದಾಗ, ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಮೇವಿನಲ್ಲಿದ್ದ ಹತ್ತಿಬೀಜದ ಹಿಂಡಿ ಮತ್ತು ಅದರೊಳಗಿನ ಈ ವಿಷ. ಅದು ಬಿಸಿಗೆ ಸುಲಭವಾಗಿ ನಾಶವಾಗುವಂಥದ್ದಲ್ಲ, ಬೂಸ್ಟನ್ನು ಒರೆಸಿ ಬಿಸಿಲಿಗಿಟ್ಟರೆ ಹೋಗುವುದೂ ಇಲ್ಲ.

ಬಿಡಿ ಪೆಲೆಟ್ ತಂದು ನಾನೇ ಒಮ್ಮೆ ಕೆಟ್ಟಿದ್ದೇನೆ. ಜುಲೈ ತಿಂಗಳ ಜಡಿಮಳೆಯಲ್ಲಿ ಅಂಗಡಿಯೊಂದರಲ್ಲಿ ಬಾಯಿ ತೆರೆದ ಚೀಲದಿಂದ ತೂಗಿ, ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ ಕೊಟ್ಟರು; ಅದರ ಮೇಲೆ ಹೆಸರೂ ಇರಲಿಲ್ಲ, ದಿನಾಂಕವೂ ಇರಲಿಲ್ಲ, ಬೆಲೆ ಅರ್ಧಕ್ಕಿಂತ ಕಡಿಮೆ ಎಂಬ ಸಂತೋಷ ಮಾತ್ರ ಇತ್ತು. ಆಸ್ಕರ್ ಜೋಡಿ ಮೊದಲ ದಿನ ಬಾಯಿಗೆ ಹಾಕಿಕೊಂಡು ಉಗಿದವು, ಎರಡನೆಯ ದಿನ ಹತ್ತಿರವೇ ಬರಲಿಲ್ಲ. ಆಗ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ತಿಕ್ಕಿ ಮೂಸಿದರೆ, ಹಬ್ಬಕ್ಕೆ ಹಪ್ಪಳ ಕರಿದು ತಿಂಗಳುಗಟ್ಟಲೆ ಬಾಣಲೆಯಲ್ಲೇ ಬಿಟ್ಟ ಎಣ್ಣೆಯ ವಾಸನೆ. ಮೂಗಿಗೆ ಹಿಡಿಯಬೇಕಾದದ್ದನ್ನು ಮೀನು ಹೇಳಬೇಕಾಯಿತು.

ಡಬ್ಬಿ ತೆರೆದ ಮೇಲೆ ಎಷ್ಟು ದಿನ ಬಳಸಬಹುದು?

ಮುದ್ರಿತವಾದ ಅವಧಿ ಸೀಲ್ ಒಡೆಯದ ಡಬ್ಬಿಗೆ ಸಂಬಂಧಿಸಿದ್ದು. ತೆರೆದ ಮೇಲೆ ಫ್ಲೇಕ್ ಆದರೆ ಮೂರು ತಿಂಗಳು, ಪೆಲೆಟ್ ಆದರೆ ಹೆಚ್ಚೆಂದರೆ ಆರು ತಿಂಗಳು ಎಂಬ ಮಿತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅದರಲ್ಲೂ ಅರ್ಧ. ತೆಳ್ಳಗಿರುವ ಫ್ಲೇಕ್‌ನ ಎಲ್ಲ ಭಾಗಕ್ಕೂ ಗಾಳಿ ತಾಕುವುದರಿಂದ ಅದು ಬೇಗ ಕೆಡುತ್ತದೆ. ಡಬ್ಬಿಯನ್ನು ತೊಟ್ಟಿಯ ಮುಚ್ಚಳದ ಮೇಲಿಡುವುದು ಎಲ್ಲರ ಮನೆಯ ಅಭ್ಯಾಸ, ಮತ್ತು ದೀಪದ ಬಿಸಿಯೂ ನೀರಿನ ಆವಿಯೂ ಒಟ್ಟಿಗೆ ಸಿಗುವ ಆ ಜಾಗಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ದೊಡ್ಡ ಪೊಟ್ಟಣ ತಂದಿದ್ದರೆ ತಿಂಗಳಿಗೆ ಬೇಕಾದಷ್ಟನ್ನು ಹೊರಗೆ ತೆಗೆದು, ಉಳಿದದ್ದನ್ನು ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಿ. ಹೊರತೆಗೆದಾಗ ಸಾಮಾನ್ಯ ಉಷ್ಣಾಂಶಕ್ಕೆ ಬರುವವರೆಗೂ ಗಂಟು ಬಿಚ್ಚಬೇಡಿ, ಇಲ್ಲವಾದರೆ ತಣ್ಣನೆಯ ಪೆಲೆಟ್ ಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ತೆರೆದ ದಿನಾಂಕವನ್ನು ಮಾರ್ಕರ್ ಪೆನ್ನಿನಲ್ಲಿ ಡಬ್ಬಿಯ ಮೈಮೇಲೆ ಬರೆದಿಡಿ. ಮುಚ್ಚಳದ ಮೇಲೆ ಬೇಡ, ಮುಚ್ಚಳಗಳು ಅದಲುಬದಲಾಗುತ್ತವೆ.